ಸ್ಟೀಲ್ ಡಬ್ಬಿಯ ಋಣ

ಭೂಮಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅದು ಉಳಿಯಬೇಕು, ತಂಪಾಗಿರಬೇಕು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಗೆಯಲ್ಲಿ ನೀರು ಹರಿಯುತ್ತಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ನನ್ನ ಸಿಟ್ಟೆಲ್ಲ ಇರುವುದು ಭೂಮಿಯನ್ನು ಉಳಿಸಲು ಹೊರಟವರ ಮೇಲೆ. ಅದರಲ್ಲೂ ಮನೆಯ ಗಂಡಸರು ಆ ಕೆಲಸಕ್ಕೆ ಹೊರಟರೆಂದರೆ ಆ ಮನೆಯ ಹೆಂಗಸಿನ ಸೊಂಟಕ್ಕೆ ಗ್ರಹಚಾರ ಹಿಡಿಯಿತೆಂದೇ ತಿಳಿಯಬೇಕು. ಪತ್ರಿಕೆಗಳಲ್ಲಿ ಬರುತ್ತವಲ್ಲ, ಮನೆಯಲ್ಲೇ ಪರಿಸರ ಉಳಿಸಲು ಸರಳ ಉಪಾಯಗಳು, ಅವನ್ನೆಲ್ಲ ನಾನು ಕನ್ನಡಕ ಹಾಕಿಕೊಂಡು ಓದಿದ್ದೇನೆ. ಓದಿ ಕಂಡುಕೊಂಡ ಸತ್ಯ ಇಷ್ಟೇ: ಆ ಉಪಾಯಗಳಲ್ಲಿ ಅರ್ಧ ಪಾತ್ರೆ ತೊಳೆಯುವುದು, ಉಳಿದರ್ಧ ಬಟ್ಟೆ ಒಗೆಯುವುದು. ಕಾಗದದ ಲೋಟ ಬೇಡ, ಸ್ಟೀಲ್ ಲೋಟ ಬಳಸಿ ಎನ್ನುತ್ತಾರೆ. ಬಳಸಿದ ಮೇಲೆ ತೊಳೆಯುವವರು ಯಾರು ಎಂಬಲ್ಲಿಗೆ ಬರುವಷ್ಟರಲ್ಲಿ ಲೇಖನ ಮುಗಿದಿರುತ್ತದೆ. ಇದಕ್ಕೆ 'ಸರಳ' ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೇ ಇರಲಿ, ಅವರ ಮನೆಯಲ್ಲಿ ಸಿಂಕು ಯಾವ ಕಡೆಗಿದೆ ಎಂದು ಒಮ್ಮೆ ಅವರನ್ನೇ ಕೇಳಬೇಕೆಂದಿದ್ದೇನೆ.

ನಮ್ಮನೆಯವರು ಭದ್ರಾವತಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಾರೆ. ನಾನು ಶಿವಮೊಗ್ಗದಲ್ಲೇ ಹೈಸ್ಕೂಲಿನಲ್ಲಿ ಗಣಿತದ ಟೀಚರು. ವಿದ್ಯಾನಗರದ ನಮ್ಮ ಮನೆಯಿಂದ ಅವರು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸಿಳಿದು ಬರುತ್ತಾರೆ. ಒಂದು ಶನಿವಾರ ಅವರ ಕಾಲೇಜಿನಲ್ಲಿ ಪರಿಸರದ ಬಗ್ಗೆ ಯಾರದೋ ಭಾಷಣವಿತ್ತು. ಸಂಜೆ ಬಂದಾಗ ಕೈಯಲ್ಲಿ ಒಂದು ಗಿಡ, ಮುಖದಲ್ಲಿ ದೀಕ್ಷೆ ತೆಗೆದುಕೊಂಡವರ ಕಳೆ. ಚಪ್ಪಲಿ ಬಿಡುವ ಮೊದಲೇ, "ಇವತ್ತಿಂದ ನಮ್ಮನೆ ಪ್ಲಾಸ್ಟಿಕ್ ಮುಕ್ತ" ಎಂದು ಘೋಷಿಸಿದರು. ನಾನು, "ಕಾಫಿ ಕುಡೀತೀರಾ?" ಎಂದೆ. ಇಂಥ ಘೋಷಣೆಗಳನ್ನು ನಾನು ಬಹಳ ಕೇಳಿದ್ದೇನೆ. ಯೋಗ, ಮುಂಜಾನೆಯ ವಾಕಿಂಗು, ರಾತ್ರಿ ಬರೀ ಹಣ್ಣು, ಎಲ್ಲವೂ ನಮ್ಮ ಮನೆಗೆ ಹೀಗೇ ಬಂದು, ವಾರ ಉಳಿದು, ಹೇಳದೆ ಕೇಳದೆ ಹೋಗಿವೆ. ಇದೂ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ.

ಮೊದಲು ನೀರು ಶುದ್ಧ ಮಾಡುವ ಮಿಷನ್ನಿನಿಂದ ಹೊರಬೀಳುವ ನೀರನ್ನು ಹಿಡಿಯಲು ಅಡುಗೆಮನೆಯ ಮಧ್ಯೆ ಒಂದು ಬಕೆಟ್ ಬಂತು. ಅದನ್ನು ಇಟ್ಟವರು ಅವರು, ಎಡವಿದವಳು ನಾನು. ಆಮೇಲೆ ವಿದ್ಯುತ್ ಉಳಿತಾಯ. ನಾನು ಬಚ್ಚಲಮನೆಯಲ್ಲಿ ತಲೆಗೆ ಸೀಗೆಪುಡಿ ಹಾಕಿಕೊಂಡು ನಿಂತಿರುವಾಗಲೇ ಹೊರಗಿನಿಂದ ಟಕ್ ಎಂದು ಲೈಟು ಆರಿಸುತ್ತಿದ್ದರು. "ಯಾರೂ ಇಲ್ಲ ಅಂದ್ಕೊಂಡೆ" ಎನ್ನುತ್ತಿದ್ದರು. ನಲ್ಲಿಯ ಸದ್ದು ಕೇಳಲಿಲ್ಲವೇ ಎಂದರೆ, "ನೀರು ಪೋಲಾಗ್ತಿದೆ ಅಂದ್ಕೊಂಡೆ" ಎಂಬ ಉತ್ತರ. ತರಕಾರಿಗೆ ಬಟ್ಟೆಯ ಚೀಲವೇ ಆಗಬೇಕೆಂದರು, ಸಂತೋಷ. ಆದರೆ ಮಾರ್ಕೆಟ್ಟಿಗೆ ಹೋಗುವಾಗ ಚೀಲವನ್ನು ಮನೆಯಲ್ಲೇ ಮರೆತು ಹೋಗುವುದು, ಪ್ಲಾಸ್ಟಿಕ್ ಕವರು ಮುಟ್ಟುವುದಿಲ್ಲವೆಂದು ಅಲ್ಲೇ ಇನ್ನೊಂದು ಬಟ್ಟೆಯ ಚೀಲ ಕೊಳ್ಳುವುದು. ಹೀಗಾಗಿ ಸ್ಟೋರ್ ರೂಮಿನಲ್ಲಿ ಬಟ್ಟೆಚೀಲಗಳ ಒಂದು ಗುಡ್ಡವೇ ಎದ್ದಿತು. ಅವರು ತಂದ ಗಿಡವನ್ನು ಅವರೇ ನೆಟ್ಟರು, ಫೋಟೋ ತೆಗೆಸಿಕೊಂಡರು. ನೀರು ಹಾಕಿದವಳು ನಾನು. ಅದು ಒಣಗಿದಾಗ ಕಾರಣವೂ ನಾನೇ ಆದೆ. ಇದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದ್ದು ನಡೆದದ್ದು ನಾನು ಶಾಲೆಯ ತರಬೇತಿಗೆಂದು ಹೊರಗೆ ಹೋಗಿದ್ದ ದಿನ. ಮನೆಗೆ ಬಂದು ನೋಡಿದರೆ ಅಡುಗೆಮನೆಯ ಮೇಲಿನ ಹಲಗೆ ಬೋಳು. ನನ್ನ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಮೂಟೆ ಕಟ್ಟಿ ಕಸದ ಗಾಡಿಗೆ ಕೊಟ್ಟುಬಿಟ್ಟಿದ್ದರು.

ಆ ಡಬ್ಬಿಗಳ ಬೆಲೆ ಗೊತ್ತಿಲ್ಲದವರಿಗೆ ನನ್ನ ಸಂಕಟ ಅರ್ಥವಾಗುವುದಿಲ್ಲ. ಐಸ್‌ಕ್ರೀಮಿನ ಡಬ್ಬಿ, ಸಿಹಿ ಅಂಗಡಿಯ ಪಾರದರ್ಶಕ ಡಬ್ಬಿ, ತುಪ್ಪದ ಪುಟ್ಟ ಬಕೆಟ್ಟು, ಯಾರದೋ ಗೃಹಪ್ರವೇಶದಲ್ಲಿ ಲಾಡು ಕೊಟ್ಟ ಗುಂಡು ಡಬ್ಬಿ. ಒಂದಕ್ಕೂ ಅದರದೇ ಮುಚ್ಚಳ ಇರಲಿಲ್ಲ ನಿಜ, ಆದರೆ ಯಾವುದಕ್ಕೆ ಯಾವುದು ಸರಿಹೊಂದುತ್ತದೆ ಎಂಬ ಜ್ಞಾನ ನನ್ನ ಬೆರಳ ತುದಿಯಲ್ಲಿತ್ತು. ಒಮ್ಮೆ ಬಳಸಿ ಬಿಸಾಡಬೇಕಾದ್ದನ್ನು ವರ್ಷಗಟ್ಟಲೆ ತೊಳೆದು ಬಳಸುತ್ತಿದ್ದೆನಲ್ಲ, ಅದು ಪರಿಸರ ರಕ್ಷಣೆ ಅಲ್ಲವೇ? ಗಟ್ಟಿಮುಟ್ಟಾಗಿದ್ದ ಡಬ್ಬಿಗಳನ್ನು ಕಸಕ್ಕೆ ಹಾಕಿ ಬಂದು ಪ್ಲಾಸ್ಟಿಕ್ ಮುಕ್ತ ಎಂದು ಎದೆಯುಬ್ಬಿಸುವುದು ಪರಿಸರ ರಕ್ಷಣೆಯೇ? ಹೀಗೆ ಕೇಳಿದರೆ ನಮ್ಮನೆಯವರು, "ನೀನು ಇದನ್ನ ಎಮೋಷನಲ್ ಆಗಿ ನೋಡ್ತಿದೀಯ" ಎಂದರು. ಇನ್ನು ಮುಂದೆ ಎಲ್ಲವೂ ಸ್ಟೀಲ್ ಡಬ್ಬಿ ಎಂದೂ ಹೇಳಿದರು. ಸ್ಟೀಲ್ ಡಬ್ಬಿ ಅಂದರೆ ಏನೆಂದು ಆ ಮಹಾನುಭಾವರಿಗೆ ಗೊತ್ತಿರಲಿಲ್ಲ.

ಪ್ಲಾಸ್ಟಿಕ್ ಡಬ್ಬಿಗೆ ಬಂಧನವಿಲ್ಲ. ಅದರಲ್ಲಿ ಯಾರಿಗಾದರೂ ನಾಲ್ಕು ಚಕ್ಕುಲಿ ಹಾಕಿ ಕೊಟ್ಟರೆ ಕೊಟ್ಟ ಹಾಗೆ. ಅದು ಹಿಂದಕ್ಕೆ ಬರಬೇಕೆಂದು ನಾವು ಕಾಯುವುದಿಲ್ಲ, ಕಳಿಸಬೇಕೆಂದು ಅವರೂ ಒದ್ದಾಡುವುದಿಲ್ಲ. ಸ್ಟೀಲ್ ಡಬ್ಬಿ ಹಾಗಲ್ಲ. ಅದರ ಮೇಲೆ ಹೆಸರು ಕೊರೆಸಿರುತ್ತದೆ. ಅದು ಹೋದ ಮನೆಯಿಂದ ತಿರುಗಿ ಬರಲೇಬೇಕು. ಬರುವಾಗ ಖಾಲಿ ಬರುವಂತಿಲ್ಲ! ಖಾಲಿ ಡಬ್ಬಿ ಹಿಂದಿರುಗಿಸಿದರೆ ನಿಮ್ಮ ನಮ್ಮ ಕೊಡುಕೊಳ್ಳುವಿಕೆ ಇಲ್ಲಿಗೆ ಮುಗಿಯಿತು ಎಂದು ಹೇಳಿದಂತೆ ಎಂದೇ ನಮ್ಮ ಅಮ್ಮ ಕಲಿಸಿದ್ದು, ಅತ್ತೆಯೂ ಕಲಿಸಿದ್ದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಆದರೆ ಸಕ್ಕರೆ ತೀರಾ ಆಪತ್ತಿಗೆ ಮಾತ್ರ. ಮೇಲಿಂದ ಮೇಲೆ ಸಕ್ಕರೆ ಕಳಿಸಿದರೆ ಇವಳ ಮನೆಯಲ್ಲಿ ಒಲೆ ಹಚ್ಚುತ್ತಾರೋ ಇಲ್ಲವೋ ಎಂಬ ಮಾತು ಬರುತ್ತದೆ. ಅಂದಮೇಲೆ ಬಂದದ್ದಕ್ಕೆ ತಕ್ಕದ್ದನ್ನು ತುಂಬಿ ಕಳಿಸಬೇಕು, ಅದು ಮತ್ತೊಂದು ಡಬ್ಬಿಯಾಗಿ ಬರುತ್ತದೆ, ಅದಕ್ಕೆ ತಕ್ಕದ್ದು ಮತ್ತೆ. ಶಾಲೆಯಲ್ಲಿ ಮಕ್ಕಳಿಗೆ ಮುಗಿಯದ ಭಾಗಾಕಾರ ಹೇಳಿಕೊಡುವಾಗ ನನಗೆ ಈಗೀಗ ಡಬ್ಬಿಗಳೇ ಕಣ್ಮುಂದೆ ಬರುತ್ತವೆ.

ಮೊದಲು ಸಿಕ್ಕಿಕೊಂಡವಳು ಪಕ್ಕದ ಮನೆಯ ಜರೀನಾ. ಅವಳ ಗಂಡನದು ಕಾರು ರಿಪೇರಿ ಗ್ಯಾರೇಜು. ಎಷ್ಟೋ ವರ್ಷಗಳಿಂದ ನಮ್ಮಿಬ್ಬರ ನಡುವೆ ಕಾಂಪೌಂಡಿನ ಮೇಲೆಯೇ ಹಳೇ ಐಸ್‌ಕ್ರೀಂ ಡಬ್ಬಿಗಳಲ್ಲಿ ಏನಾದರೂ ಓಡಾಡುತ್ತಿತ್ತು, ಯಾರೂ ಲೆಕ್ಕ ಇಟ್ಟವರಲ್ಲ. ಈಗ ನಾನು ಸ್ಟೀಲ್ ಡಬ್ಬಿಯಲ್ಲಿ ಕಾಯಿ ಕಡುಬು ಕೊಟ್ಟೆ. ಸಂಜೆಯೇ ಡಬ್ಬಿ ಬಂತು, ತುಂಬ ಖರ್ಜೂರ. ನಮ್ಮದು ಶುದ್ಧ ಸಸ್ಯಾಹಾರದ ಮನೆ ಎಂದು ಅವಳು ತನ್ನ ಅಡುಗೆ ಕಳಿಸುವುದಿಲ್ಲ, ಪಾಪ ಗಾಂಧಿಬಜಾರಿಗೆ ಹೋಗಿ ಒಣಹಣ್ಣು ತಂದು ತುಂಬುತ್ತಾಳೆ. ಅಷ್ಟು ಒಳ್ಳೆಯ ಖರ್ಜೂರಕ್ಕೆ ನಾನು ಸುಮ್ಮನಿರಲು ಆಗುತ್ತದೆಯೇ? ಅವಳ ಡಬ್ಬಿಯೊಂದು ನಮ್ಮಲ್ಲಿತ್ತು, ಅದಕ್ಕೆ ರವೆ ಉಂಡೆ. ಅದಕ್ಕೆ ಒಣದ್ರಾಕ್ಷಿ ಬಂತು. ಒಂದು ದಿನ ಕಾಂಪೌಂಡಿನ ಆಚೆ ನಿಂತು ಹೇಳಿಯೇಬಿಟ್ಟಳು: "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆ ಹಳೇ ಡಬ್ಬಾನೇ ಚೆನ್ನಾಗಿತ್ತು. ಈಗ ಸ್ಟೀಲ್ ಡಬ್ಬ ನೋಡಿದ್ರೆ ಡ್ಯೂಟಿ ಬಂತು ಅನ್ಸುತ್ತೆ." ನಮ್ಮನೆಯವರು ಜಗಲಿಯಲ್ಲಿ ಪೇಪರು ಓದುತ್ತ ಆಕೆ ಕಳಿಸಿದ ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ನೋಡಿದೆಯಾ, ಸ್ಟೀಲ್ ಬಂದ ಮೇಲೆ ಬಾಂಧವ್ಯ ಬೆಳೀತು" ಎಂದರು.

ಜರೀನಾಳ ಜೊತೆ ಹೀಗೆ ಬಾಯಿಬಿಟ್ಟು ಮಾತಾಡಬಹುದು. ಹಾಗೆ ಆಡಲಾಗದ ಕಡೆ ಒಂದಿತ್ತು, ಅದು ಭದ್ರಾವತಿ. ನಮ್ಮನೆಯವರ ಅಕ್ಕ ಗಿರಿಜಕ್ಕ ಇರುವುದು ಅಲ್ಲಿಯ ಹಳೇನಗರದಲ್ಲಿ. ಅಡುಗೆಯಲ್ಲಿ ಎತ್ತಿದ ಕೈ. ನಮ್ಮ ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಹೋಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ಕಲೀತೀಯ" ಎಂದವರು. ಆ ಮಾತಿಗೆ ಇಷ್ಟು ವರ್ಷವಾದರೂ ನಾನಿನ್ನೂ ಕಲಿಯುತ್ತಲೇ ಇದ್ದೇನೆ. ತಮ್ಮ ದಿನಾ ಭದ್ರಾವತಿಗೆ ಬರುತ್ತಾನಲ್ಲ, ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ ಮಜ್ಜಿಗೆ ಕುಡಿದು ಬರುವಾಗ ಅವರು ಏನಾದರೂ ಕಟ್ಟಿಕೊಡುವುದು ರೂಢಿ. ಮೊದಲೆಲ್ಲ ಅದು ಬಾಳೆಲೆಯಲ್ಲೋ ಕವರಿನಲ್ಲೋ ಬರುತ್ತಿತ್ತು, ತಿಂದರೆ ಮುಗಿಯುತ್ತಿತ್ತು. ಈಗ ಇವರು ಅಲ್ಲಿಯೂ ಭಾಷಣ ಮಾಡಿದರು. ಗಿರಿಜಕ್ಕ ತಮ್ಮನ ಮಾತು ಮೀರುವವರಲ್ಲ. ಹೆಸರು ಕೊರೆಸಿದ ದೊಡ್ಡ ಡಬ್ಬಿಯಲ್ಲಿ ಹೋಳಿಗೆ ಬಂತು. ನಾನು ಶಾಲೆ ಮುಗಿಸಿ ಬಂದು, ನಿಂತ ಕಾಲಲ್ಲೇ ಕೋಡುಬಳೆ ಕರಿದು ತುಂಬಿ ಕಳಿಸಿದೆ. ಅತ್ತಲಿಂದ ಕರ್ಜಿಕಾಯಿ ಬಂತು. ಇತ್ತಲಿಂದ ತಂಬಿಟ್ಟು ಹೋಯಿತು. ಒಬ್ಬರಿಗಿಂತ ಒಬ್ಬರು ಕಷ್ಟದ ತಿಂಡಿಗೆ ಹೋದೆವು. ಸಂಜೆ ಗೇಟಿನ ಸದ್ದಾದರೆ ನಾನು ಗಂಡನ ಮುಖ ನೋಡುವುದು ಬಿಟ್ಟು ಅವರ ಚೀಲ ನೋಡುತ್ತಿದ್ದೆ.

ಹೋದದ್ದು ಏನು ಗೊತ್ತೇ? ನನ್ನ ಭಾನುವಾರ. ವಾರವಿಡೀ ಮಕ್ಕಳ ಜೊತೆ ಗಂಟಲು ಹರಿದುಕೊಂಡವಳಿಗೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿಕೊಂಡು, ಫ್ಯಾನಿನ ಕೆಳಗೆ, ಯಾರ ಹಂಗೂ ಇಲ್ಲದೆ ಮಲಗುವ ಒಂದು ನಿದ್ದೆ ಇತ್ತು. ನನ್ನ ಆಸ್ತಿ ಅದೊಂದೇ. ಆ ಹೊತ್ತಿನಲ್ಲಿ ನಾನು ಈಗ ಬಾಣಲೆಯ ಮುಂದೆ. ಮೂವತ್ತು ನಲವತ್ತು ಕಿಲೋಮೀಟರು ಆಚೆಗೂ ಅಲ್ಲ, ಇಲ್ಲೇ ಪಕ್ಕದ ಊರಲ್ಲಿರುವ ಗಿರಿಜಕ್ಕ ಏನು ಅಂದುಕೊಳ್ಳುತ್ತಾರೋ ಎಂಬ ಭಯದಲ್ಲಿ ಎಣ್ಣೆಯ ಹೊಗೆ ಕುಡಿಯುತ್ತಿದ್ದೆ. ಒಳಗಿನ ಕೋಣೆಯಿಂದ ನಮ್ಮನೆಯವರ ಗೊರಕೆ ಬರುತ್ತಿತ್ತು. ಆ ಗೊರಕೆಯಿಂದ ಪರಿಸರಕ್ಕೆ ಯಾವ ಹಾನಿಯೂ ಇಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ನನ್ನ ರಕ್ತದೊತ್ತಡಕ್ಕೆ ಇತ್ತು.

ಕೊನೆಗೊಂದು ದಿನ ಪರೀಕ್ಷೆಯ ಪೇಪರುಗಳ ರಾಶಿ ಮನೆಗೆ ಬಂದಾಗ ನಾನು ಅಡ್ಡದಾರಿ ಹಿಡಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಸಿಹಿ ಅಂಗಡಿಗೆ ಹೋಗಿ ಮೈಸೂರುಪಾಕು ತಂದು, ಗಿರಿಜಕ್ಕನ ಡಬ್ಬಿಗೆ ಜೋಡಿಸಿ ಕಳಿಸಿಬಿಟ್ಟೆ. ನಾನೇ ಮಾಡಿದ್ದೆಂದು ನಾನು ಹೇಳಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಹೋದದ್ದನ್ನು ಯಾರೂ ಅಂಗಡಿಯದು ಎಂದುಕೊಳ್ಳುವುದಿಲ್ಲ, ಅಷ್ಟೆ. "ಸುಧಾ ಕೈ ಪಳಗಿದೆ" ಎಂದು ಅಲ್ಲಿಂದ ಹೊಗಳಿಕೆ ಬಂತು, ಮದುವೆಯಾದ ಮೇಲೆ ಮೊದಲ ಸಲ. ಮುಂದಿನ ವಾರ ಬಾದಾಮಿ ಬರ್ಫಿ, ಅದರ ಮುಂದಿನ ವಾರ ಸೋನ್‌ಪಾಪ್ಡಿ ಕಳಿಸುವಷ್ಟು ಧೈರ್ಯ ಬಂದುಬಿಟ್ಟಿತು. ಆದರೆ ಅಂಗಡಿಯವನು ಪ್ರತಿ ಸಲವೂ ಸಿಹಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಅದಕ್ಕೆ ಟೇಪು ಸುತ್ತಿ, ಮೇಲೊಂದು ಕವರು ಹಾಕಿ ಕೊಡುತ್ತಿದ್ದ. ಒಳ್ಳೆಯ ಡಬ್ಬಿಗಳು, ಮುಚ್ಚಳವೂ ಅವುಗಳದ್ದೇ. ಬಿಸಾಡಲು ಮನಸ್ಸು ಬರಲಿಲ್ಲ. ತೊಳೆದು, ಒರೆಸಿ, ಬಟ್ಟೆಚೀಲಗಳ ಗುಡ್ಡದ ಹಿಂದೆ ಅಡಗಿಸಿಟ್ಟೆ.

ನಮ್ಮನೆಯವರು ಹುಟ್ಟಿದಾಗಿನಿಂದ ಒಮ್ಮೆಯೂ ಮಾರ್ಕೆಟ್ಟಿಗೆ ಚೀಲ ನೆನಪಿಟ್ಟು ಒಯ್ದವರಲ್ಲ. ಆ ಭಾನುವಾರ ಬೆಳಿಗ್ಗೆ ಅದೇಕೋ ನೆನಪಾಯಿತು. ಚೀಲ ಎಳೆದರು, ಗುಡ್ಡ ಕುಸಿಯಿತು, ಡಬ್ಬಿಗಳು ಉರುಳಿ ಹಾಲಿನವರೆಗೂ ಬಂದವು. "ಏನಿದು?" ಎಂದರು. ಆ ಧ್ವನಿಯಲ್ಲಿದ್ದ ನೋವನ್ನು ನೀವು ಕೇಳಬೇಕಿತ್ತು. "ನನ್ನ ಬೆನ್ನ ಹಿಂದೆ ಪ್ಲಾಸ್ಟಿಕ್! ನಾನು ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ, ಸ್ವಂತ ಮನೆಯಲ್ಲೇ ಹೀಗಾದ್ರೆ ಹೇಗೆ?" ಎಂದು ಶುರು ಮಾಡಿದರು. ನನಗೆ ಎಲ್ಲಿತ್ತೋ ಸಿಟ್ಟು.

"ರೀ, ಪ್ಲಾಸ್ಟಿಕ್ ಬಿಟ್ಟಿದ್ದು ನೀವು. ಅದರ ಬದಲಿಗೆ ಬಂದ ಕೆಲಸ ಹೊತ್ಕೊಂಡಿದ್ದು ನಾನು. ಇವತ್ತು ನಿಮ್ಮ ಅಕ್ಕನ ಡಬ್ಬಿಗೆ ನೀವೇ ಏನಾದ್ರೂ ಮಾಡಿ ತುಂಬಿ ನೋಡೋಣ."

"ನಾನಾ? ನಂಗೆ ಪೇಪರ್ ವ್ಯಾಲ್ಯುಯೇಷನ್ ಇದೆ."

"ನಂಗೂ ಇದೆ."

ಅವರು ಸ್ವಲ್ಪ ಯೋಚಿಸಿ, "ಖಾಲಿ ಕಳ್ಸು. ಏನಾಗುತ್ತೆ? ಅದೆಲ್ಲ ಹಳೇ ಕಾಲದ ಮೂಢನಂಬಿಕೆ" ಎಂದರು.

"ಸರಿ ಹಾಗಾದ್ರೆ. ನಾಳೆ ಖಾಲಿ ಡಬ್ಬಿ ತಗೊಂಡು ಹೋಗಿ ನಿಮ್ಮ ಅಕ್ಕನ ಕೈಗೆ ನೀವೇ ಕೊಡಿ."

ಇತಿಹಾಸದ ಉಪನ್ಯಾಸಕರ ಮುಖದ ಬಣ್ಣ ಹೋಯಿತು. "ಅದು... ನಾನು ಕೊಟ್ರೆ ಚೆನ್ನಾಗಿರಲ್ಲ. ಹೆಂಗಸರ ವಿಷಯ" ಎಂದು ಚೀಲ ಅಲ್ಲೇ ಬಿಟ್ಟು ಮಾರ್ಕೆಟ್ಟಿಗೆ ಹೋದರು. ಹೊಸ ಚೀಲದೊಂದಿಗೆ ಬಂದರೆಂದು ಬೇರೆ ಹೇಳಬೇಕಾಗಿಲ್ಲ.

ಅವರು ಬರುವಷ್ಟರಲ್ಲಿ ನಾನು ಮನೆಯಲ್ಲಿರಲಿಲ್ಲ. ಗಿರಿಜಕ್ಕನ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಫಳಫಳ ಎನ್ನುವಂತೆ ತಿಕ್ಕಿ, ಒಳಗೆ ಏನೂ ಹಾಕದೆ ಮುಚ್ಚಳ ಒತ್ತಿ, ಭದ್ರಾವತಿಯ ಬಸ್ಸು ಹತ್ತಿದ್ದೆ. ಹತ್ತಿದ್ದೇನೋ ಹತ್ತಿದೆ, ದಾರಿಯುದ್ದಕ್ಕೂ ಡಬ್ಬಿ ತೊಡೆಯ ಮೇಲೆ ಕೂತು ನನ್ನನ್ನು ಹಂಗಿಸುತ್ತಿತ್ತು. ಬಸ್ಸಿನ ಪ್ರತಿ ಕುಲುಕಿಗೂ ಮುಚ್ಚಳ ಕಿಣಿಕಿಣಿ ಎನ್ನುತ್ತಿತ್ತು, ತುಂಬಿದ ಡಬ್ಬಿ ಹಾಗೆ ಸದ್ದು ಮಾಡುವುದಿಲ್ಲ. ಪಕ್ಕದಲ್ಲಿ ಕೂತ ಅಜ್ಜಿಗೂ ಗೊತ್ತಾಗಿರಬೇಕು, ನನ್ನ ಮುಖ, ಡಬ್ಬಿ ಎರಡನ್ನೂ ನೋಡಿದರು. ಭದ್ರಾವತಿಯಲ್ಲಿ ಇಳಿದರೆ ಎದುರಿಗೇ ಹಣ್ಣಿನ ಗಾಡಿ. ನಾಲ್ಕು ಬಾಳೆಹಣ್ಣು ಹಾಕಿಬಿಡಲೇ ಎಂದು ಕೈ ಹೋಯಿತು. ಇಲ್ಲ ಸುಧಾ, ಇವತ್ತು ಹಾಕಿದರೆ ನಿನ್ನ ಭಾನುವಾರ ಮತ್ತೆ ಸಿಗುವುದಿಲ್ಲ ಎಂದು ಕೈಗೆ ಬುದ್ಧಿ ಹೇಳಿ ಮುಂದೆ ನಡೆದೆ. ಗಿರಿಜಕ್ಕ ಇನ್ನು ನನ್ನ ಮುಖ ನೋಡುವುದಿಲ್ಲ ಎಂದೇ ಆಗಲಿ, ಆದದ್ದಾಗಲಿ.

ಗಿರಿಜಕ್ಕ ಬಾಗಿಲು ತೆಗೆದು, "ಇದೇನೇ ಹೇಳದೆ ಕೇಳದೆ, ಬಾ ಬಾ" ಎಂದು ಕೈಯಿಂದ ಡಬ್ಬಿ ತೆಗೆದುಕೊಂಡರು. ತೆಗೆದುಕೊಂಡಾಗಲೇ ತೂಕ ಗೊತ್ತಾಯಿತು. ಮುಚ್ಚಳ ತೆಗೆದರು. ಒಳಗೆ ನೋಡಿದರು. ಮುಖ ಸಣ್ಣದಾಗಿ ಹೋಯಿತು.

"ಏನಾಯ್ತೇ ಸುಧಾ? ನಮ್ಮಿಂದ ಏನಾದ್ರೂ ತಪ್ಪಾಯ್ತಾ? ತಮ್ಮ ಏನಾದ್ರೂ ಅಂದ್ನಾ?"

ನನಗೆ ಅಳುವೇ ಬಂದುಬಿಟ್ಟಿತು. ಅಳುತ್ತಲೇ ಎಲ್ಲ ಹೇಳಿದೆ: ಶಾಲೆ, ಪೇಪರು, ಬಾಣಲೆ, ಭಾನುವಾರದ ನಿದ್ದೆ, ಮೈಸೂರುಪಾಕು ಅಂಗಡಿಯದು ಎಂಬುದನ್ನೂ. "ನಂಗೆ ಇನ್ನು ಆಗಲ್ಲ ಅಕ್ಕ. ನೀವು ಬೈದ್ರೂ ಪರವಾಗಿಲ್ಲ." ಗಿರಿಜಕ್ಕ ಡಬ್ಬಿ ಹಿಡಿದುಕೊಂಡೇ ಮೆಲ್ಲಗೆ ಕುರ್ಚಿಯ ಮೇಲೆ ಕೂತರು. ಕೂರುವಾಗ ಮೊಣಕಾಲು ಹಿಡಿದುಕೊಂಡರು, ಅದು ಅಷ್ಟು ಕೆಟ್ಟಿದೆಯೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

"ಅಯ್ಯೋ ಮಾರಾಯ್ತಿ, ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು. "ಈ ಕಾಲಲ್ಲಿ ನಿಂತ್ಕೊಂಡು ಹೋಳಿಗೆ ತಟ್ಟಿದೀನಿ ಕಣೆ. ನಿನ್ನ ಡಬ್ಬಿ ಬಂತು ಅಂದ್ರೆ ಎದೆ ಡವಡವ ಅನ್ನೋದು. ಇವಳು ಕೆಲಸಕ್ಕೆ ಹೋಗ್ಕೊಂಡು ಇಷ್ಟೆಲ್ಲ ಮಾಡ್ತಾಳೆ, ನಾನು ಮನೇಲಿದ್ದು ಸಕ್ಕರೆ ಕಳ್ಸಿದ್ರೆ ಏನಂದ್ಕೋತಾಳೋ ಅಂತ. ಸಾಕಾಗಿ ಹೋಗಿತ್ತು!"

ಇಬ್ಬರೂ ಸೇರಿ ತಮ್ಮನಿಗೆ ಚೆನ್ನಾಗಿ ಬೈದೆವು. ಅವರು ಅಕ್ಕನ ಅಧಿಕಾರದಿಂದ ಬೈದರು, ನಾನು ಅನುಭವದಿಂದ ಬೈದೆ. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ವಿಷಯಕ್ಕೆ ಅಷ್ಟು ಹೊತ್ತು ಒಮ್ಮತದಿಂದ ಮಾತಾಡಿದ್ದು ಅದೇ ಮೊದಲು. ಆಮೇಲೆ ಒಪ್ಪಂದವಾಯಿತು. ಇನ್ನು ಮೇಲೆ ಮನಸ್ಸಿಗೆ ಬಂದಾಗ ಕಳಿಸುವುದು, ತಿಂದವರು ಡಬ್ಬಿ ತೊಳೆದು ಖಾಲಿ ಕಳಿಸುವುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. "ಖಾಲಿ ಅಂದ್ರೆ ಖಾಲಿ. ಸಕ್ಕರೆನೂ ಇಲ್ಲ" ಎಂದು ನಾನೇ ಬಿಗಿ ಮಾಡಿದೆ. "ಆಯ್ತು ಮಾರಾಯ್ತಿ, ಸಕ್ಕರೆನೂ ಇಲ್ಲ" ಎಂದು ಗಿರಿಜಕ್ಕ ನನ್ನ ಕೈ ಮೇಲೆ ಕೈ ಇಟ್ಟರು. ಮನೆಗೆ ಬಂದು ಜರೀನಾಳಿಗೂ ಅದೇ ಕಾನೂನು ಹೇಳಿದೆ. ಅವಳು ಕಾಂಪೌಂಡಿನ ಆಚೆಯಿಂದ ಎರಡೂ ಕೈ ಎತ್ತಿ ದೇವರಿಗೆ ಕೃತಜ್ಞತೆ ಹೇಳಿದಳು.

ಭಾನುವಾರಗಳು ತಿರುಗಿ ಬಂದವು. ಚಾಪೆ, ಫ್ಯಾನು, ನಿದ್ದೆ. ನಮ್ಮನೆಯವರು ಖಾಲಿ ಕೈಯಲ್ಲಿ ಹೋಗಿ ಖಾಲಿ ಕೈಯಲ್ಲಿ ಬರುತ್ತಿದ್ದರು, ಬರುವಾಗ ಸ್ವಲ್ಪ ಜೋಲುಮುಖ ಅಷ್ಟೆ. ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ, ನಿದ್ದೆಯೂ ಮುಗಿದು ಸಂಜೆ ಇನ್ನೂ ಬಾರದ ಹೊತ್ತಿನಲ್ಲಿ, ನನಗೇ ಆಸೆಯಾಗಿ ಕೊಬ್ಬರಿ ಮಿಠಾಯಿ ಮಾಡಿದೆ. ಯಾರ ಭಯವೂ ಇಲ್ಲದೆ, ಯಾವ ತೀರಿಸಬೇಕಾದ ಲೆಕ್ಕವೂ ಇಲ್ಲದೆ. ಹದ ಎಂದರೆ ಹದ, ಬಾಯಲ್ಲಿಟ್ಟರೆ ಕರಗುತ್ತಿತ್ತು. ಗಿರಿಜಕ್ಕನಿಗೆ ಈ ರುಚಿ ತೋರಿಸಲೇಬೇಕು ಅನ್ನಿಸಿತು. ನಿಜವಾಗಿಯೂ ನನ್ನ ಕೈಯದು, ಅಂಗಡಿಯದಲ್ಲ. ನನ್ನ ಹೆಸರು ಕೊರೆಸಿದ ಡಬ್ಬಿಯಲ್ಲಿ ತುಂಬಿ ಸೋಮವಾರ ಕಳಿಸಿದೆ.

ಮರುದಿನ ಸಂಜೆ ಡಬ್ಬಿ ಬಂತು. ಚೆನ್ನಾಗಿ ತೊಳೆದು, ಒರೆಸಿ, ಬಟ್ಟೆಚೀಲದಲ್ಲಿ ಕಟ್ಟಿ ಕಳಿಸಿದ್ದರು. ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಕಾಗದದಲ್ಲಿ ಏನಾದರೂ ಕಟ್ಟಿ ಚೀಲದಲ್ಲಿ ಇಟ್ಟಿರಬಹುದೆಂದು ಚೀಲವನ್ನು ಕೊಡವಿದೆ. ಮುಚ್ಚಳದ ಒಳಗನ್ನೂ ನೋಡಿದೆ. ಡಬ್ಬಿಯೊಳಗೆ ಕೈ ಹಾಕಿಯೂ ನೋಡಿದೆ, ತಳ ತಣ್ಣಗಿತ್ತು. ಅಂಥ ಕೊಬ್ಬರಿ ಮಿಠಾಯಿಗೆ ಒಂದು ಹಿಡಿ ಸಕ್ಕರೆ ಇಲ್ಲ, ಒಂದು ತುಂಡು ಕಲ್ಲುಸಕ್ಕರೆ ಇಲ್ಲ, ನಾಲ್ಕು ದ್ರಾಕ್ಷಿ ಇಲ್ಲ! ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನಾನೇನು ಬೀದಿಯವಳೇ? ಮಿಠಾಯಿ ಇಷ್ಟವಾಗಲಿಲ್ಲವೋ, ಅಥವಾ ಅದನ್ನೂ ಅಂಗಡಿಯದು ಎಂದುಕೊಂಡರೋ? ಕಣ್ಣು ತುಂಬಿ ಬಂತು, ಸಿಟ್ಟೂ ಬಂತು.

"ರೀ, ನಿಮ್ಮ ಅಕ್ಕ ಮಾಡಿದ್ದು ನೋಡಿದ್ರಾ? ಖಾಲಿ ಡಬ್ಬಿ ಕಳ್ಸಿದಾರೆ!" ಎಂದು ಹಾಲಿಗೆ ಬಂದು ಡಬ್ಬಿಯನ್ನು ಟೀಪಾಯಿಯ ಮೇಲೆ ಕುಕ್ಕಿದೆ.

ನಮ್ಮನೆಯವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. "ಅಲ್ವೇ, ಹಾಗಂತ ಒಪ್ಪಂದ ಮಾಡ್ಕೊಂಡಿದ್ದು ನೀವೇ ತಾನೆ?" ಎಂದರು.

"ಒಪ್ಪಂದ ಮಾಡ್ಕೊಂಡ್ವಿ ಅಂತ," ಎಂದೆ ನಾನು, "ಅದನ್ನ ಹಾಗೇ ಪಾಲಿಸಿಬಿಡೋದಾ?"